ಬುದ್ಧಿಹಲ್ಲು ತೆಗೆಸಿದ ನಂತರದ ದಿನಗಳು

ಬುದ್ಧಿಹಲ್ಲನ್ನು ತೆಗೆಸಿಕೊಂಡು ದಂತವೈದ್ಯರ ಕುರ್ಚಿಯಿಂದ ಎದ್ದವರ ಕೈಗೆ ಸಿಗುವ ಚೀಟಿಯಲ್ಲಿ ಔಷಧಿಗಳ ಹೆಸರಿಗಿಂತ ನಿಷೇಧಗಳೇ ಹೆಚ್ಚಾಗಿರುತ್ತವೆ. ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಸ್ಟ್ರಾ ಹಾಕಿ ಎಳನೀರು ಹೀರಬಾರದು, ಬಿಸಿ ಕಾಫಿ ಕುಡಿಯಬಾರದು, ಬೀಡಿ ಸಿಗರೇಟು ಸೇದಬಾರದು, ಗಾಯವನ್ನು ನಾಲಿಗೆಯಿಂದ ತಡವಬಾರದು ಎಂಬ ಈ ಸಾಲಿಗೆ ಕಾರಣವೇನೆಂದು ಚೀಟಿ ಹೇಳುವುದಿಲ್ಲವಾದ್ದರಿಂದ, ಓದಿದವರು ಕೆಲವನ್ನು ಪಾಲಿಸಿ ಉಳಿದವನ್ನು ವೈದ್ಯರ ಅತಿ ಎಚ್ಚರಿಕೆಯೆಂದು ಬದಿಗಿಡುತ್ತಾರೆ. ಇವುಗಳಲ್ಲಿ ಬಹುಪಾಲು ಒಂದೇ ವಸ್ತುವಿನ ರಕ್ಷಣೆಗಾಗಿ ಹುಟ್ಟಿದ ನಿಯಮಗಳು. ಆ ವಸ್ತು ಹಲ್ಲು ಹೋದ ಕುಳಿಯಲ್ಲಿ ತುಂಬಿ ನಿಲ್ಲುವ ರಕ್ತದ ಹೆಪ್ಪು. ಅದು ಹೇಗೆ ಹುಟ್ಟುತ್ತದೆ, ಎಷ್ಟು ದಿನ ಉಳಿಯಬೇಕು, ಉಳಿಯದಿದ್ದರೆ ಏನಾಗುತ್ತದೆ ಎಂಬುದನ್ನು ಅರಿತವರಿಗೆ ಚೀಟಿಯ ಹೆಚ್ಚಿನ ಸೂಚನೆಗಳು ತಾವಾಗಿಯೇ ಹೊಳೆಯುತ್ತವೆ. ಯಾವುದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು, ಯಾವುದರಲ್ಲಿ ತುಸು ಸಡಿಲವಿದೆ ಎಂಬ ವಿವೇಚನೆಯೂ ಬರುತ್ತದೆ.

ಬುದ್ಧಿಹಲ್ಲು ಎಂದರೆ ದವಡೆಯ ಪ್ರತಿ ಬದಿಯ ತೀರಾ ಹಿಂದೆ, ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನ ನಡುವೆ ಮೂಡುವ ಮೂರನೆಯ ದವಡೆ ಹಲ್ಲು. ಉಳಿದೆಲ್ಲ ಹಲ್ಲುಗಳು ತಮ್ಮ ಜಾಗ ಹಿಡಿದ ಮೇಲೆ ಇದು ಬರುವುದರಿಂದ ಅನೇಕರ ದವಡೆಯಲ್ಲಿ ಇದಕ್ಕೆ ಸ್ಥಳವೇ ಉಳಿದಿರುವುದಿಲ್ಲ. ಆಗ ಅದು ಮುಂದಿನ ಹಲ್ಲಿಗೆ ವಾಲಿಕೊಂಡೋ, ಅಡ್ಡಲಾಗಿ ಮಲಗಿಕೊಂಡೋ, ಅರ್ಧ ಒಸಡಿನೊಳಗೆ ಹುದುಗಿಕೊಂಡೋ ನಿಂತುಬಿಡುತ್ತದೆ. ಇಂಥ ಹಲ್ಲನ್ನು ದಂತವೈದ್ಯರು ‘ಇಂಪ್ಯಾಕ್ಟೆಡ್’ ಹಲ್ಲು, ಅಂದರೆ ಸಿಕ್ಕಿಹಾಕಿಕೊಂಡ ಹಲ್ಲು, ಎನ್ನುತ್ತಾರೆ. ಅರ್ಧ ಮೂಡಿದ ಹಲ್ಲಿನ ಮೇಲೆ ಮುಚ್ಚಳದಂತೆ ಉಳಿಯುವ ಒಸಡಿನ ಅಡಿ ಆಹಾರದ ಕಣಗಳು ಸೇರಿ, ಬ್ಯಾಕ್ಟೀರಿಯಾಗಳು ಬೆಳೆದು, ಮೇಲಿಂದ ಮೇಲೆ ಬಾವು ಬರುವ ಸ್ಥಿತಿಗೆ ಪೆರಿಕೊರೊನೈಟಿಸ್ ಎಂದು ಹೆಸರು. ಬುದ್ಧಿಹಲ್ಲನ್ನು ತೆಗೆಸುವ ಕಾರಣಗಳಲ್ಲಿ ಇದು ಪ್ರಮುಖವಾದದ್ದು.

ಮೇಲ್ದವಡೆಯ ಬುದ್ಧಿಹಲ್ಲು ನೆಟ್ಟಗೆ ಬಂದಿದ್ದರೆ ಅದನ್ನು ಕೀಳುವುದು ಬಹುಮಟ್ಟಿಗೆ ಸಾಧಾರಣ ಹಲ್ಲು ಕಿತ್ತಂತೆಯೇ ಮುಗಿಯುತ್ತದೆ, ಏಕೆಂದರೆ ಅಲ್ಲಿಯ ಮೂಳೆ ಸಡಿಲವಾಗಿದ್ದು ರಕ್ತ ಸಂಚಾರವೂ ಸಮೃದ್ಧವಾಗಿರುತ್ತದೆ. ಕೆಳದವಡೆಯ ಹಿಂಭಾಗದ ಮೂಳೆಯಾದರೋ ದಟ್ಟವಾದದ್ದು. ಅಲ್ಲಿ ಸಿಕ್ಕಿಕೊಂಡ ಹಲ್ಲನ್ನು ತೆಗೆಯಬೇಕಾದರೆ ಒಸಡನ್ನು ಸೀಳಿ ಹಿಂದಕ್ಕೆ ಸರಿಸಿ, ಹಲ್ಲಿಗೆ ಅಡ್ಡವಾದ ಮೂಳೆಯನ್ನು ನೀರು ಹಾಯಿಸುತ್ತ ಕೊರೆದು, ಅಗತ್ಯವಿದ್ದರೆ ಹಲ್ಲನ್ನೇ ಎರಡು ಮೂರು ತುಂಡು ಮಾಡಿ ಒಂದೊಂದಾಗಿ ಹೊರತೆಗೆದು, ಕೊನೆಗೆ ಒಸಡನ್ನು ಸ್ವಸ್ಥಾನಕ್ಕೆ ತಂದು ಹೊಲಿಗೆ ಹಾಕಬೇಕಾಗುತ್ತದೆ. ಚೇತರಿಕೆಯ ಕಷ್ಟಸುಖಗಳೆಲ್ಲ ಈ ಕೊರೆತದ ಪ್ರಮಾಣವನ್ನು ಅವಲಂಬಿಸಿವೆ. ಆದ್ದರಿಂದ ಬುದ್ಧಿಹಲ್ಲು ಕೀಳಿಸಿಕೊಂಡ ಮರುದಿನವೇ ಕಚೇರಿಗೆ ಹೋದ ಪಕ್ಕದ ಮನೆಯವರ ಅನುಭವವಾಗಲಿ, ವಾರಗಟ್ಟಲೆ ಹಾಸಿಗೆ ಹಿಡಿದ ಸಂಬಂಧಿಕರ ಅನುಭವವಾಗಲಿ ಇನ್ನೊಬ್ಬರಿಗೆ ಅಳತೆಗೋಲಾಗಲಾರದು; ಇಬ್ಬರ ಬಾಯಲ್ಲಿ ನಡೆದದ್ದು ಒಂದೇ ಹೆಸರಿನ ಬೇರೆ ಬೇರೆ ಶಸ್ತ್ರಕ್ರಿಯೆಗಳು.

ಹಲ್ಲು ಹೊರಬಂದ ಕೂಡಲೇ ಖಾಲಿಯಾದ ಕುಳಿಯಲ್ಲಿ ರಕ್ತ ತುಂಬಿಕೊಳ್ಳುತ್ತದೆ, ಮತ್ತು ಗಾಯದ ಮೇಲಿಟ್ಟ ಹತ್ತಿಯನ್ನೋ ಗಾಝ್ ಬಟ್ಟೆಯನ್ನೋ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯವರೆಗೆ ಕಚ್ಚಿ ಹಿಡಿಯುವಂತೆ ವೈದ್ಯರು ಹೇಳುತ್ತಾರೆ. ಈ ಒತ್ತಡದಿಂದ ಸಣ್ಣ ರಕ್ತನಾಳಗಳ ಬಾಯಿ ಮುಚ್ಚಿ, ಪ್ಲೇಟ್‌ಲೆಟ್‌ಗಳೆಂಬ ಕಣಗಳು ಅಲ್ಲಿ ಗುಂಪುಗೂಡಿ, ರಕ್ತದಲ್ಲಿ ಕರಗಿರುವ ಫೈಬ್ರಿನೋಜೆನ್ ಎಂಬ ಪ್ರೋಟೀನು ಫೈಬ್ರಿನ್ ಎಂಬ ಎಳೆಗಳಾಗಿ ಮಾರ್ಪಟ್ಟು, ಆ ಎಳೆಗಳ ಬಲೆಯಲ್ಲಿ ರಕ್ತಕಣಗಳು ಸಿಕ್ಕಿ ಹೆಪ್ಪು ಗಟ್ಟಿಯಾಗುತ್ತದೆ. ಹತ್ತಿಯನ್ನು ಐದೈದು ನಿಮಿಷಕ್ಕೊಮ್ಮೆ ತೆಗೆದು ಕನ್ನಡಿಯಲ್ಲಿ ನೋಡುವ ಕುತೂಹಲ ಈ ಕೆಲಸವನ್ನು ಪ್ರತಿ ಸಲವೂ ಮೊದಲಿನಿಂದ ಆರಂಭಿಸಿದಂತೆ ಮಾಡುತ್ತದೆ. ಮೊದಲ ದಿನವಿಡೀ ಎಂಜಲಿನಲ್ಲಿ ಕೆಂಪು ಛಾಯೆ ಕಾಣಿಸುವುದು ಸಹಜ. ಒಂದೆರಡು ಹನಿ ರಕ್ತ ಬಾಯಿತುಂಬ ಜೊಲ್ಲಿನೊಂದಿಗೆ ಬೆರೆತಾಗ ಬಹಳಷ್ಟು ರಕ್ತ ಹೋಗುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಗಾಬರಿಯಿಂದ ಪದೇ ಪದೇ ಉಗುಳುವವರ ಬಾಯಲ್ಲಿ ಪ್ರತಿ ಉಗುಳುವಿಕೆಯೂ ಒಂದು ಎಳೆತವನ್ನುಂಟುಮಾಡಿ, ಇನ್ನೂ ಬೇರೂರದ ಹೆಪ್ಪನ್ನು ಅಲುಗಿಸಿ, ನಿಜವಾದ ರಕ್ತಸ್ರಾವಕ್ಕೆ ದಾರಿಮಾಡಿಕೊಡುತ್ತದೆ. ಎಂಜಲನ್ನು ನುಂಗುವುದು ಅಥವಾ ತಲೆ ಬಾಗಿಸಿ ತಾನಾಗಿಯೇ ಸುರಿದುಹೋಗಲು ಬಿಡುವುದು ಲೇಸು. ಮತ್ತೆ ರಕ್ತ ಜಿನುಗಿದರೆ ಒದ್ದೆ ಮಾಡಿದ ಶುಭ್ರ ಗಾಝ್ ಬಟ್ಟೆಯನ್ನು ಗಾಯದ ಮೇಲೆಯೇ ಕೂರುವಂತೆ ಇಟ್ಟು ಇನ್ನೊಂದು ಅರ್ಧ ಗಂಟೆ ಕಚ್ಚಿಕೊಂಡರೆ ಹೆಚ್ಚಿನವರಲ್ಲಿ ಅದು ನಿಲ್ಲುತ್ತದೆ.

ಚುಚ್ಚುಮದ್ದಿನಿಂದ ಬಂದ ಮರಗಟ್ಟುವಿಕೆ ಮೂರರಿಂದ ಐದು ಗಂಟೆಗಳವರೆಗೆ ಇರಬಹುದು. ಈಗ ಭಾರತದ ದಂತ ಚಿಕಿತ್ಸಾಲಯಗಳಲ್ಲಿ ಎಲ್ಲೆಡೆ ಬಳಕೆಯಲ್ಲಿರುವ ಲಿಗ್ನೊಕೇನ್ ಎಂಬ ಅರಿವಳಿಕೆಯನ್ನು 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಸಿದ್ಧಪಡಿಸಿದರು. ಅದರೊಂದಿಗೆ ಅತ್ಯಲ್ಪ ಪ್ರಮಾಣದ ಅಡ್ರಿನಲಿನ್ ಬೆರೆಸುವುದರಿಂದ ರಕ್ತನಾಳಗಳು ಸಂಕುಚಿತಗೊಂಡು, ಮದ್ದು ಅದೇ ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಈ ಅವಧಿಯಲ್ಲಿ ತುಟಿ, ನಾಲಿಗೆ, ಕೆನ್ನೆಗಳಿಗೆ ಸ್ಪರ್ಶಜ್ಞಾನ ಇಲ್ಲದಿರುವುದರಿಂದ ಊಟ ಮಾಡಲು ಹೋದವರು ತಮ್ಮ ಕೆನ್ನೆಯನ್ನೇ ಕಚ್ಚಿಕೊಂಡು ಇನ್ನೊಂದು ಗಾಯ ಮಾಡಿಕೊಳ್ಳುವುದುಂಟು.

ಮರಗಟ್ಟುವಿಕೆ ಇಳಿಯುತ್ತಿದ್ದಂತೆ ನೋವು ಏರುತ್ತದೆ, ಮತ್ತು ಆ ದಿನದ ಮೊದಲ ಆರೆಂಟು ಗಂಟೆಗಳಲ್ಲಿಯೇ ಅದು ಶಿಖರ ಮುಟ್ಟುತ್ತದೆ. ಆರೋಗ್ಯವಂತ ತರುಣ ತರುಣಿಯರಲ್ಲಿ, ನಿಗದಿತ ಸಮಯದಲ್ಲಿ, ಬಹುಮಟ್ಟಿಗೆ ಒಂದೇ ತೀವ್ರತೆಯಲ್ಲಿ ಹುಟ್ಟುವ ಈ ನೋವು ಔಷಧ ವಿಜ್ಞಾನಿಗಳಿಗೆ ಎಷ್ಟು ಅನುಕೂಲಕರವಾಗಿ ಕಂಡಿದೆಯೆಂದರೆ, ಹೊಸ ನೋವುನಿವಾರಕಗಳನ್ನು ಪರೀಕ್ಷಿಸಲು ಜಗತ್ತಿನಾದ್ಯಂತ ಬಳಸುವ ಮಾದರಿಗಳಲ್ಲಿ ಬುದ್ಧಿಹಲ್ಲಿನ ಶಸ್ತ್ರಕ್ರಿಯೆಯೇ ಮುಖ್ಯವಾದದ್ದು. ತಲೆನೋವಿಗೂ ಮೈಕೈ ನೋವಿಗೂ ನುಂಗುವ ಅನೇಕ ಮಾತ್ರೆಗಳ ಶಕ್ತಿಯನ್ನು ಅಳೆದದ್ದು ಹಲ್ಲು ತೆಗೆಸಿಕೊಂಡವರ ಮೇಲೆ ಎಂಬುದು ಕಡಿಮೆ ಜನರಿಗೆ ತಿಳಿದ ಸಂಗತಿ. ಹೀಗಾಗಿ ಈ ನೋವಿಗೆ ಯಾವ ಮದ್ದು ಒಳ್ಳೆಯದೆಂಬ ಪ್ರಶ್ನೆಗೆ ಗಟ್ಟಿಯಾದ ಉತ್ತರವಿದೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2013ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಕೆಳದವಡೆಯ ಬುದ್ಧಿಹಲ್ಲು ತೆಗೆದ ನಂತರ 400 ಮಿಲಿಗ್ರಾಂ ಐಬುಪ್ರೊಫೆನ್ 1,000 ಮಿಲಿಗ್ರಾಂ ಪ್ಯಾರಸಿಟಮಾಲ್‌ಗಿಂತ ಹೆಚ್ಚು ಪರಿಣಾಮಕಾರಿ, ಮತ್ತು ಎರಡನ್ನೂ ಒಟ್ಟಿಗೆ ಕೊಟ್ಟಾಗ ಸಿಗುವ ಫಲ ಇನ್ನೂ ಉತ್ತಮವೆನ್ನಲು ಆಧಾರಗಳಿವೆ. ಗಾಯದಲ್ಲಿ ನೋವಿನ ಸಂದೇಶವನ್ನು ಹೆಚ್ಚಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳ ಉತ್ಪಾದನೆಯನ್ನು ಐಬುಪ್ರೊಫೆನ್ ಅಲ್ಲಿಯೇ ತಡೆಯುತ್ತದೆ. ಆದಕಾರಣ ನೋವು ತಾರಕಕ್ಕೇರುವವರೆಗೆ ಕಾಯದೆ, ಮರಗಟ್ಟುವಿಕೆ ಪೂರ್ತಿ ಇಳಿಯುವ ಮುನ್ನವೇ ಮೊದಲ ಮಾತ್ರೆಯನ್ನು ತೆಗೆದುಕೊಳ್ಳುವುದು ಜಾಣತನ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಕೆಲಬಗೆಯ ಆಸ್ತಮಾ ಇರುವವರಿಗೆ ಮತ್ತು ಗರ್ಭಿಣಿಯರಿಗೆ ಇದು ಒಗ್ಗದಿರುವುದರಿಂದ ಅಂಥವರು ಔಷಧಿ ಅಂಗಡಿಯಲ್ಲಿ ಕೇಳಿ ಕೊಳ್ಳುವ ಬದಲು ವೈದ್ಯರಿಗೆ ಮೊದಲೇ ತಿಳಿಸಬೇಕು.

ನೋವು ಇಳಿಮುಖವಾಗುವ ಹೊತ್ತಿಗೆ ಊತ ಏರುತ್ತಿರುತ್ತದೆ, ಮತ್ತು ಈ ಎರಡರ ಗತಿ ಬೇರೆ ಬೇರೆ ಎಂಬುದು ತಿಳಿಯದವರು ಎರಡನೆಯ ದಿನ ಕನ್ನಡಿ ನೋಡಿ ಹೆದರುತ್ತಾರೆ. ಕೊರೆತಕ್ಕೆ ಒಳಗಾದ ಅಂಗಾಂಶಗಳಿಗೆ ದ್ರವ ಸೋರಿ ಬರುವ ಪ್ರಕ್ರಿಯೆ ನಿಧಾನವಾದದ್ದರಿಂದ ಕೆನ್ನೆಯ ಊತ 48ರಿಂದ 72 ಗಂಟೆಗಳ ನಡುವೆ ಅತಿ ಹೆಚ್ಚಾಗಿದ್ದು, ಅನಂತರ ಇಳಿಯತೊಡಗಿ, ವಾರದೊಳಗೆ ಬಹುತೇಕ ಮಾಯವಾಗುತ್ತದೆ. ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕೆನ್ನೆಯ ಹೊರಗಿನಿಂದ ಹದಿನೈದಿಪ್ಪತ್ತು ನಿಮಿಷ ಇಟ್ಟು ಅಷ್ಟೇ ಹೊತ್ತು ಬಿಡುವು ಕೊಡುವುದರಿಂದ ಹಾಯೆನಿಸುತ್ತದೆ. ಊತವನ್ನು ಅದು ಎಷ್ಟು ತಗ್ಗಿಸುತ್ತದೆ ಎಂಬುದರ ಬಗ್ಗೆ ಸಂಶೋಧನೆಗಳು ಒಂದೇ ಮಾತು ಹೇಳುವುದಿಲ್ಲ. ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗುವುದೂ ಉಪಯುಕ್ತ. ಊತದ ಜೊತೆಯಲ್ಲೇ ಬರುವ ಬಾಯಿ ಬಿಗಿತಕ್ಕೆ ದಂತವೈದ್ಯರು ಟ್ರಿಸ್ಮಸ್ ಎನ್ನುತ್ತಾರೆ. ಅಗಿಯುವ ಸ್ನಾಯುಗಳು ಗಾಯದ ಪಕ್ಕದಲ್ಲೇ ಇರುವುದರಿಂದ ಅವು ಕೆರಳಿ ಸೆಟೆದುಕೊಳ್ಳುತ್ತವೆ, ಮತ್ತು ಸಾಮಾನ್ಯವಾಗಿ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ತೂರಿಸುವಷ್ಟು ತೆರೆಯುವ ಬಾಯಿ ಒಂದೇ ಬೆರಳಿಗೆ ನಿಂತುಬಿಡಬಹುದು. ಮೂರನೆಯ ದಿನದ ನಂತರ ಬಿಸಿನೀರಿನ ಬಟ್ಟೆಯ ಶಾಖ ಕೊಟ್ಟು, ದಿನಕ್ಕೆ ಹಲವು ಬಾರಿ ಮೆಲ್ಲನೆ ಬಾಯಿ ತೆರೆದು ಮುಚ್ಚುವ ಅಭ್ಯಾಸ ಮಾಡಿದರೆ ಈ ಬಿಗಿತ ಒಂದೆರಡು ವಾರಗಳಲ್ಲಿ ಸಡಿಲುತ್ತದೆ. ವಯಸ್ಸಾದವರಲ್ಲಿ ಕೆನ್ನೆಯಿಂದ ಕತ್ತಿನವರೆಗೂ ಇಳಿಯುವ ನೀಲಿ ಹಳದಿ ಕಲೆಗಳು ನೋಡಲು ಭಯಂಕರವಾದರೂ ನಿರಪಾಯಕಾರಿ.

ಹೊರಗೆ ಇಷ್ಟೆಲ್ಲ ನಡೆಯುತ್ತಿರುವಾಗ ಕುಳಿಯೊಳಗೆ ನಡೆಯುವ ಕೆಲಸ ಇನ್ನೂ ಕುತೂಹಲಕರವಾದದ್ದು. ರಕ್ತದ ಹೆಪ್ಪು ಕೇವಲ ಬಿರಡೆಯಲ್ಲ. ಅದು ಕಟ್ಟಡ ಕಟ್ಟುವವರು ಮೊದಲು ನಿಲ್ಲಿಸುವ ಸಾರುವೆಯ ಹಾಗೆ, ಮುಂದೆ ಬರುವ ಜೀವಕೋಶಗಳು ಹತ್ತಿ ಹೋಗುವುದಕ್ಕೆ ಆಧಾರ. ಕುಳಿಯ ಗೋಡೆಗಳಿಂದ ಹೊಸ ರಕ್ತನಾಳಗಳೂ ನಾರು ನೇಯುವ ಕೋಶಗಳೂ ಫೈಬ್ರಿನ್ ಎಳೆಗಳ ಮೂಲಕ ನುಗ್ಗಿ, ಮೊದಲ ವಾರದ ಅಂತ್ಯದ ಹೊತ್ತಿಗೆ ಹೆಪ್ಪಿನ ಬಹುಭಾಗವನ್ನು ಗ್ರ್ಯಾನ್ಯುಲೇಷನ್ ಟಿಶ್ಯೂ ಎಂಬ ಕೆಂಪಾದ, ಮುಟ್ಟಿದರೆ ರಕ್ತ ಬರುವ ಎಳೆ ಮಾಂಸವನ್ನಾಗಿ ಬದಲಿಸುತ್ತವೆ. ಮನುಷ್ಯರ ಹಲ್ಲಿನ ಕುಳಿಗಳು ಮಾಯುವ ಕ್ರಮವನ್ನು ಹಂತಹಂತವಾಗಿ ದಾಖಲಿಸಿ ಎಂ. ಎಚ್. ಆಮ್ಲರ್ 1969ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಂದಿಗೂ ಈ ವಿಷಯದಲ್ಲಿ ಆಧಾರವಾಗಿ ಹಿಡಿಯಲಾಗುತ್ತದೆ. ಅದರಂತೆ ಕುಳಿಯ ತಳದಲ್ಲಿ ಎಳೆ ಮೂಳೆ ಮೊದಲ ವಾರದ ಕೊನೆಗೇ ಮೊಳೆಯತೊಡಗಿ, ಆರು ವಾರಗಳ ಆಸುಪಾಸಿಗೆ ಕುಳಿಯ ಸುಮಾರು ಮೂರನೇ ಎರಡು ಭಾಗವನ್ನು ತುಂಬುತ್ತದೆ. ಮೇಲಿನ ಒಸಡು ಕೂಡಿಕೊಳ್ಳಲು ನಾಲ್ಕೈದು ವಾರಗಳು ಬೇಕು. ಆ ಎಳೆ ಮೂಳೆ ಪಕ್ವವಾಗಿ, ಎಕ್ಸ್-ರೇಯಲ್ಲಿ ಕುಳಿಯ ಗುರುತೇ ಅಳಿಸಿಹೋಗಲು ಆರು ತಿಂಗಳೂ ಹಿಡಿಯಬಹುದು. ಗಾಯದ ಮೇಲೆ ಮೂರನೆಯ ದಿನದಿಂದ ಕಾಣುವ ಬಿಳಿ ಹಳದಿ ಪೊರೆಯನ್ನು ಕೀವೆಂದು ತಿಳಿದು ಹತ್ತಿಯಿಂದ ಒರೆಸಿ ತೆಗೆಯುವವರಿದ್ದಾರೆ. ಅದು ಹೆಚ್ಚಿನ ವೇಳೆ ಫೈಬ್ರಿನ್ನಿನ ಪೊರೆಯೇ ಆಗಿದ್ದು, ಅದನ್ನು ಒರೆಸುವುದೆಂದರೆ ದೇಹ ಮಾಡಿದ ಕೆಲಸವನ್ನು ಕೆಡವಿದಂತೆ.

ಲಕ್ಷೋಪಲಕ್ಷ ಬ್ಯಾಕ್ಟೀರಿಯಾಗಳಿರುವ ಬಾಯಿಯಲ್ಲಿ ಗಾಯವೊಂದು ಚರ್ಮದ ಗಾಯಕ್ಕಿಂತ ಬೇಗ, ಅದೂ ಕಲೆ ಉಳಿಸದೆ, ಹೇಗೆ ಮಾಯುತ್ತದೆ ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಜೊಲ್ಲಿನಲ್ಲಿದೆ. ಅಮೆರಿಕದ ಜೀವರಸಾಯನ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಇಲಿಗಳ ಜೊಲ್ಲಿನ ಗ್ರಂಥಿಯಿಂದ ಪ್ರತ್ಯೇಕಿಸಿದ ಒಂದು ಪ್ರೋಟೀನನ್ನು ಮರಿಗಳಿಗೆ ಚುಚ್ಚಿದಾಗ ಅವು ನಿಗದಿತ ಕಾಲಕ್ಕಿಂತ ಮೊದಲೇ ಕಣ್ಣು ತೆರೆದವು, ಹಲ್ಲುಗಳೂ ಮೊದಲೇ ಮೂಡಿದವು. ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್ ಎಂದು ಆಮೇಲೆ ಹೆಸರಾದ ಈ ವಸ್ತು ಮೇಲ್ಪದರದ ಜೀವಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುತ್ತದೆ; ಬೆಳವಣಿಗೆಯ ಅಂಶಗಳ ಶೋಧಕ್ಕಾಗಿ ಕೋಹೆನ್ ಅವರಿಗೂ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೂ 1986ರ ನೊಬೆಲ್ ಪ್ರಶಸ್ತಿ ಸಂದಿತು. ಮನುಷ್ಯರ ಜೊಲ್ಲಿನಲ್ಲೂ ಇದಿದೆ, ಹಿಸ್ಟಾಟಿನ್ ಎಂಬ ಇನ್ನೊಂದು ಬಗೆಯ ಗಾಯ ಕೂಡಿಸುವ ಪ್ರೋಟೀನುಗಳೂ ಇವೆ. ಸಾಕಷ್ಟು ನೀರು ಕುಡಿದು ಬಾಯಿ ಒಣಗದಂತೆ ನೋಡಿಕೊಳ್ಳಿ ಎಂಬ ಸಲಹೆಗೆ ಇದೂ ಒಂದು ಹಿನ್ನೆಲೆ.

ಹೆಪ್ಪು ಉಳಿಯದಿದ್ದರೆ ಬರುವ ತೊಡಕಿಗೆ ‘ಡ್ರೈ ಸಾಕೆಟ್’, ಅಂದರೆ ಒಣಗಿದ ಕುಳಿ, ಎಂದು ಹೆಸರು. 1896ರಲ್ಲಿ ಅಮೆರಿಕದ ದಂತವೈದ್ಯ ಜೆ. ವೈ. ಕ್ರಾಫರ್ಡ್ ಇದನ್ನು ಮೊದಲ ಬಾರಿಗೆ ವರ್ಣಿಸಿದರು. ಸಾಧಾರಣ ಹಲ್ಲು ಕಿತ್ತಾಗ ಇದು ನೂರರಲ್ಲಿ ಒಬ್ಬರಿಂದ ಐವರವರೆಗೆ ಕಾಣಿಸಿಕೊಂಡರೆ, ಕೆಳದವಡೆಯ ಸಿಕ್ಕಿಕೊಂಡ ಬುದ್ಧಿಹಲ್ಲಿನ ಶಸ್ತ್ರಕ್ರಿಯೆಯ ನಂತರ ಕೆಲವು ಅಧ್ಯಯನಗಳಲ್ಲಿ ಶೇಕಡಾ 30ರವರೆಗೂ ವರದಿಯಾಗಿದೆ. ಇದರ ಲಕ್ಷಣ ಬಹಳ ವಿಶಿಷ್ಟವಾದದ್ದು: ಎರಡು ದಿನ ಕಡಿಮೆಯಾಗುತ್ತ ಬಂದ ನೋವು ಮೂರನೆಯ ಅಥವಾ ನಾಲ್ಕನೆಯ ದಿನ ಹಠಾತ್ತನೆ ಹಿಂತಿರುಗಿ, ಮೊದಲಿಗಿಂತ ತೀವ್ರವಾಗಿ ಕಿವಿಗೂ ಕಪೋಲಕ್ಕೂ ಹರಿದು, ರಾತ್ರಿ ನಿದ್ದೆಗೆಡಿಸುತ್ತದೆ, ಬಾಯಲ್ಲಿ ಕೆಟ್ಟ ವಾಸನೆ ಮತ್ತು ರುಚಿ ಹುಟ್ಟುತ್ತದೆ, ಮಾಮೂಲಿ ಮಾತ್ರೆಗಳು ನಾಟುವುದಿಲ್ಲ. ಕುಳಿಯಲ್ಲಿ ಇಣುಕಿದರೆ ಹೆಪ್ಪಿನ ಬದಲು ಬೋಳು ಮೂಳೆ ಕಾಣುತ್ತದೆ, ಆದರೆ ಜ್ವರವಾಗಲಿ ಕೀವಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಚೇತರಿಸಿಕೊಳ್ಳುತ್ತಿರುವವರು ತಮ್ಮ ನೋವು ಎಷ್ಟಿದೆ ಎಂದು ಅಳೆಯುತ್ತ ಕೂರುವುದಕ್ಕಿಂತ ಅದು ನಿನ್ನೆಗಿಂತ ಇಂದು ಯಾವ ದಿಕ್ಕಿಗೆ ಸಾಗಿದೆ ಎಂದು ಗಮನಿಸುವುದು ಹೆಚ್ಚು ಉಪಯುಕ್ತ. ಮೊದಲ ರಾತ್ರಿಯ ಬಲವಾದ ನೋವು ಆತಂಕಕ್ಕೆ ಕಾರಣವಲ್ಲ, ನಾಲ್ಕನೆಯ ದಿನ ಏರುತ್ತಿರುವ ನೋವು ಮಧ್ಯಮ ಪ್ರಮಾಣದ್ದೇ ಆಗಿದ್ದರೂ ವೈದ್ಯರನ್ನು ಕಾಣಲು ಸಾಕಾದ ಕಾರಣ.

ಹೆಪ್ಪು ಹೋಗುವುದು ರೋಗಿಯ ಅಜಾಗರೂಕತೆಯಿಂದಲೇ ಎಂಬ ಧ್ವನಿ ಅನೇಕ ಸೂಚನಾಪತ್ರಗಳಲ್ಲಿದೆ; ಅದು ಪೂರ್ತಿ ನ್ಯಾಯವಾದ ಮಾತಲ್ಲ. ಡೆನ್ಮಾರ್ಕಿನ ಎಚ್. ಬಿರ್ನ್ 1970ರ ದಶಕದ ಆರಂಭದಲ್ಲಿ ಮಂಡಿಸಿದ ವಿವರಣೆಯ ಪ್ರಕಾರ, ಕೊರೆತದಿಂದಲೋ ಸೋಂಕಿನಿಂದಲೋ ಘಾಸಿಗೊಂಡ ಮೂಳೆ ಬಿಡುಗಡೆ ಮಾಡುವ ವಸ್ತುಗಳು ರಕ್ತದಲ್ಲಿರುವ ಪ್ಲಾಸ್ಮಿನೋಜೆನ್ ಅನ್ನು ಪ್ಲಾಸ್ಮಿನ್ ಎಂಬ ಕಿಣ್ವವನ್ನಾಗಿ ಮಾರ್ಪಡಿಸುತ್ತವೆ, ಆ ಕಿಣ್ವ ಫೈಬ್ರಿನ್ ಎಳೆಗಳನ್ನು ಒಳಗಿನಿಂದಲೇ ಕರಗಿಸಿಬಿಡುತ್ತದೆ. ಗರ್ಭನಿರೋಧಕ ಮಾತ್ರೆ ಸೇವಿಸುವ ಮಹಿಳೆಯರಲ್ಲಿ ಈ ತೊಂದರೆ ಹೆಚ್ಚಾಗಿ ಕಾಣಿಸುವುದಕ್ಕೂ ಈಸ್ಟ್ರೋಜೆನ್ ಹಾರ್ಮೋನು ಈ ಕರಗುವಿಕೆಯನ್ನು ಹೆಚ್ಚಿಸುವುದೇ ಕಾರಣವೆಂದು ಭಾವಿಸಲಾಗಿದೆ. ಅಂದಮೇಲೆ ಎಲ್ಲ ನಿಯಮಗಳನ್ನೂ ಚಾಚೂ ತಪ್ಪದೆ ಪಾಲಿಸಿದವರಿಗೂ ಡ್ರೈ ಸಾಕೆಟ್ ಬರಬಹುದು, ಸ್ಟ್ರಾದಲ್ಲಿ ಎಳನೀರು ಕುಡಿದವರಿಗೆ ಬಾರದೆಯೂ ಇರಬಹುದು; ಸ್ಟ್ರಾ ನಿಷೇಧದ ಹಿಂದಿರುವುದು ಪ್ರಬಲ ಪುರಾವೆಗಿಂತ ಹೆಚ್ಚಾಗಿ ಸಾಮಾನ್ಯ ವಿವೇಕ. ಆದರೆ ಧೂಮಪಾನದ ವಿಷಯದಲ್ಲಿ ಇಂಥ ಸಂದೇಹಕ್ಕೆ ಎಡೆಯಿಲ್ಲ. ಸೇದುವಾಗಿನ ಎಳೆತ, ಹೊಗೆಯ ಬಿಸಿ, ರಕ್ತನಾಳಗಳನ್ನು ಕುಗ್ಗಿಸುವ ನಿಕೋಟಿನ್ ಮೂರೂ ಸೇರಿ ಧೂಮಪಾನಿಗಳಲ್ಲಿ ಅಪಾಯವನ್ನು ಸ್ಪಷ್ಟವಾಗಿ ಹೆಚ್ಚಿಸುತ್ತವೆಂದು ಅಧ್ಯಯನಗಳು ತೋರಿಸಿವೆ. ಕ್ಲೋರ್‌ಹೆಕ್ಸಿಡಿನ್ ಎಂಬ ಬ್ಯಾಕ್ಟೀರಿಯಾ ನಾಶಕವನ್ನು ಬಾಯಿ ತೊಳೆಯುವ ದ್ರವವಾಗಿಯೋ ಜೆಲ್ ಆಗಿಯೋ ಬಳಸಿದರೆ ಡ್ರೈ ಸಾಕೆಟ್ ಕಡಿಮೆಯಾಗುತ್ತದೆ ಎಂಬುದಕ್ಕೂ ಒಳ್ಳೆಯ ಆಧಾರವಿದೆ.

ಡ್ರೈ ಸಾಕೆಟ್‌ಗೆ ಚಿಕಿತ್ಸೆ ಸರಳ. ದಂತವೈದ್ಯರು ಕುಳಿಯನ್ನು ಉಪ್ಪುದ್ರಾವಣದಿಂದ ತೊಳೆದು, ಯೂಜಿನಾಲ್ ಬೆರೆಸಿದ ಔಷಧಿಯ ಪಟ್ಟಿಯನ್ನು ಅದರೊಳಗೆ ಇಡುತ್ತಾರೆ. ಎಷ್ಟೋ ಜನರಿಗೆ ಸ್ವಲ್ಪ ಹೊತ್ತಿನಲ್ಲೇ ನೋವು ಇಳಿದು ಜೀವ ಬಂದಂತಾಗುತ್ತದೆ. ಯೂಜಿನಾಲ್ ಎಂದರೆ ಲವಂಗದ ಎಣ್ಣೆಯ ಮುಖ್ಯ ಸತ್ವ. ಹಾಗೆಂದು ಮನೆಯಲ್ಲಿರುವ ಲವಂಗದ ಎಣ್ಣೆಯನ್ನು ಹಸಿ ಗಾಯಕ್ಕೆ ನೇರವಾಗಿ ಸುರಿದರೆ ಅಂಗಾಂಶ ಸುಡುತ್ತದೆ; ಅರಿಶಿನದ ಪುಡಿ ಒತ್ತಿದರೆ ಅದು ಕುಳಿಯಲ್ಲಿ ಹೊರಗಿನ ವಸ್ತುವಾಗಿ ಉಳಿಯುತ್ತದೆ; ನೋವಿನ ಮಾತ್ರೆಯನ್ನು ಒಸಡಿನ ಮೇಲೆ ಇಟ್ಟುಕೊಳ್ಳುವವರ ಒಸಡು ಬೆಳ್ಳಗೆ ಸುಟ್ಟಿರುವುದನ್ನು ದಂತವೈದ್ಯರು ಆಗಾಗ ನೋಡುತ್ತಾರೆ. ಮನೆಮದ್ದಿನಲ್ಲಿ ನಿಜಕ್ಕೂ ಉಪಕಾರಿಯಾದದ್ದು ಉಪ್ಪುನೀರು. ಒಂದು ದಿನ ಕಳೆದ ಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಗಳಗಳ ಮುಕ್ಕಳಿಸದೆ, ಬಾಯೊಳಗೆ ತುಂಬಿಕೊಂಡು ತಲೆಯನ್ನು ಅತ್ತಿತ್ತ ವಾಲಿಸಿ ಮೆಲ್ಲನೆ ಹೊರಬಿಡಬೇಕು. ಉಳಿದ ಹಲ್ಲುಗಳನ್ನು ಮರುದಿನದಿಂದಲೇ ಮೃದುವಾದ ಬ್ರಷ್‌ನಿಂದ ಉಜ್ಜಬೇಕು. ಗಾಯಕ್ಕೆ ಹೆದರಿ ವಾರವಿಡೀ ಬ್ರಷ್ ಮುಟ್ಟದವರ ಬಾಯಲ್ಲಿ ಬ್ಯಾಕ್ಟೀರಿಯಾಗಳಿಗೆ ಸುಗ್ಗಿ.

ಊಟದ ವಿಷಯದಲ್ಲಿ ಕನ್ನಡ ನಾಡಿನ ಅಡುಗೆಮನೆ ಈ ಶಸ್ತ್ರಕ್ರಿಯೆಗೆ ಹೇಳಿ ಮಾಡಿಸಿದಂತಿದೆ. ಆರಿದ ಗಂಜಿ, ರಾಗಿ ಅಂಬಲಿ, ಮಿದ್ದ ಮೊಸರನ್ನ, ಹಾಲಿನಲ್ಲಿ ನೆನೆಸಿದ ಇಡ್ಲಿ, ಮೆತ್ತಗೆ ಬೇಯಿಸಿದ ಹೆಸರುಬೇಳೆ ಪೊಂಗಲ್, ಬಾಳೆಹಣ್ಣು ಇವೆಲ್ಲ ಮೊದಲ ಮೂರು ನಾಲ್ಕು ದಿನಕ್ಕೆ ಯೋಗ್ಯ. ಹಳೇ ಮೈಸೂರಿನವರ ಮುದ್ದೆಯಂತೂ ಮೊದಲೇ ಅಗಿಯದೆ ನುಂಗುವ ಆಹಾರ. ಬಿಸಿಯಾರಿಸಿ, ತುತ್ತನ್ನು ಚಿಕ್ಕದಾಗಿ ಮುರಿದು, ಖಾರವಿಲ್ಲದ ಬೇಳೆಕಟ್ಟಿನಲ್ಲಿ ಅದ್ದಿದರೆ ಬಾಯಿ ಬಿಗಿತ ತಗ್ಗಿದ ಮೇಲೆ ಅದಕ್ಕಿಂತ ಒಳ್ಳೆಯ ಊಟವಿಲ್ಲ. ತೊಂದರೆ ಬರುವುದು ಒಗ್ಗರಣೆಯಿಂದ. ಸಾಸಿವೆ ಕಾಳು, ಮೆಣಸಿನಕಾಯಿಯ ಬೀಜ, ಉಪ್ಪಿಟ್ಟಿನ ಕಡಲೆಬೇಳೆ ಇವು ಕುಳಿಯ ಗಾತ್ರಕ್ಕೆ ಸರಿಯಾಗಿ ಹೊಂದಿ ಅಲ್ಲೇ ಕೂರುತ್ತವೆ. ಚಕ್ಕುಲಿ, ಕೋಡುಬಳೆ, ಚುರುಮುರಿಗಳನ್ನು ಎರಡು ವಾರವಾದರೂ ದೂರವಿಡಬೇಕು. ಇದಕ್ಕಿಂತ ಹೆಚ್ಚು ಹಾನಿ ಮಾಡುವುದು ‘ನಂಜು’ ಎಂಬ ಭಯ. ಗಾಯವಾದವರು ಬೇಳೆ, ಬದನೆ, ಮೊಸರು ತಿಂದರೆ ಕೀವು ತುಂಬುತ್ತದೆಂಬ ನಂಬಿಕೆಯಿಂದ ಮನೆಯ ಹಿರಿಯರು ಪಥ್ಯ ವಿಧಿಸಿ ಬರೀ ತಿಳಿ ಅನ್ನ ಕೊಡುವುದುಂಟು. ಕೀವಿಗೆ ಕಾರಣ ಬ್ಯಾಕ್ಟೀರಿಯಾ. ಹೊಸ ಅಂಗಾಂಶ ಕಟ್ಟಲು ಬೇಕಾದ ಪ್ರೋಟೀನು ಮಾತ್ರ ಇದೇ ಬೇಳೆ ಮೊಸರುಗಳಿಂದ ಬರಬೇಕು. ಮೇಲ್ದವಡೆಯ ಹಲ್ಲು ಕಿತ್ತರೆ ಕಣ್ಣಿನ ದೃಷ್ಟಿ ಮಂಜಾಗುತ್ತದೆಂಬ ಮಾತೂ ಇಂಥದ್ದೇ: ಹಲ್ಲುಗಳ ಸಂವೇದನೆಯನ್ನು ಒಯ್ಯುವುದು ಟ್ರೈಜೆಮಿನಲ್ ನರದ ಶಾಖೆಗಳು, ದೃಷ್ಟಿಯನ್ನು ಒಯ್ಯುವುದು ಬೇರೆಯೇ ಒಂದು ನರ.

ಎಲೆ ಅಡಿಕೆಯ ಅಭ್ಯಾಸ ಇನ್ನೊಂದು ತೊಡಕು. ತಂಬಾಕು, ಸುಣ್ಣ, ಅಡಿಕೆಯ ಚೂರುಗಳು ಗಾಯದಲ್ಲಿ ಸೇರುವುದು ಒಂದು ಬಗೆಯ ಕೆಡುಕಾದರೆ, ವರ್ಷಗಟ್ಟಲೆ ಅಡಿಕೆ ಅಗಿದವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯುವುದೇ ಕಷ್ಟವಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಕಾಯಿಲೆ ಶಸ್ತ್ರಕ್ರಿಯೆಯನ್ನೂ ಚೇತರಿಕೆಯನ್ನೂ ಜಟಿಲಗೊಳಿಸುತ್ತದೆ.

ಆಂಟಿಬಯಾಟಿಕ್ ಮಾತ್ರೆಗಳನ್ನು ಎಲ್ಲರಿಗೂ ಕೊಡಬೇಕೇ ಎಂಬುದು ವೈದ್ಯರಲ್ಲೇ ಚರ್ಚೆಯಲ್ಲಿರುವ ಪ್ರಶ್ನೆ. ಅವು ಸೋಂಕನ್ನು ಕಡಿಮೆ ಮಾಡುವುದು ನಿಜ. ಆದರೆ 2021ರ ಕಾಕ್ರೇನ್ ವಿಮರ್ಶೆಯ ಲೆಕ್ಕದಲ್ಲಿ ಒಬ್ಬರಿಗೆ ಸೋಂಕು ತಪ್ಪಿಸಲು ಸುಮಾರು 19 ಮಂದಿಗೆ ಔಷಧಿ ಕೊಡಬೇಕಾಗುತ್ತದೆ, ಮತ್ತು ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುತ್ತಿರುವ ಕಾಲದಲ್ಲಿ ಆರೋಗ್ಯವಂತ ತರುಣರಿಗೆಲ್ಲ ಅದನ್ನು ಬರೆಯುವುದು ಸೂಕ್ತವೆನಿಸುವುದಿಲ್ಲ. ಹತೋಟಿ ತಪ್ಪಿದ ಮಧುಮೇಹ ಇರುವವರ, ರೋಗನಿರೋಧಕ ಶಕ್ತಿ ಕುಂದಿದವರ ಲೆಕ್ಕ ಬೇರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹೃದ್ರೋಗಿಗಳು ಹಲ್ಲು ತೆಗೆಸಲೆಂದು ತಾವಾಗಿಯೇ ಅದನ್ನು ನಿಲ್ಲಿಸುವುದು ಹಲ್ಲಿಗಿಂತ ದೊಡ್ಡ ಅಪಾಯವನ್ನು ತರಬಲ್ಲದು. ಮೂಳೆ ಸವೆತಕ್ಕೆ ಬಿಸ್ಫಾಸ್ಫೊನೇಟ್ ಗುಂಪಿನ ಔಷಧಿ ಪಡೆಯುತ್ತಿರುವವರಲ್ಲಿ ಕುಳಿ ಮಾಯದೆ ಮೂಳೆ ಕೊಳೆಯುವ ಸಂಭವ ಇರುವುದರಿಂದ ಅದನ್ನು ಶಸ್ತ್ರಕ್ರಿಯೆಗೆ ಮುಂಚೆಯೇ ತಿಳಿಸಬೇಕು.

ಸೋಂಕು ನಿಜವಾಗಿ ತಗುಲಿದಾಗ ಮೂರನೆಯ ದಿನದ ನಂತರವೂ ಊತ ಇಳಿಯದೆ ಬೆಳೆಯುತ್ತದೆ, 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ ಬರುತ್ತದೆ, ಕುಳಿಯಿಂದ ಕೀವು ಹೊರಡುತ್ತದೆ. ಕೆಳದವಡೆಯ ಕೊನೆಯ ಹಲ್ಲುಗಳ ಬೇರಿನ ತುದಿಗಳು ನಾಲಿಗೆಯ ತಳದ ಸ್ನಾಯು ಅಂಟಿಕೊಂಡಿರುವ ಗೆರೆಗಿಂತ ಕೆಳಗಿರುತ್ತವೆ. ಆದಕಾರಣ ಅಲ್ಲಿಯ ಸೋಂಕು ಬಾಯೊಳಗೆ ಒಡೆಯುವ ಬದಲು ಗದ್ದದಡಿಗೆ, ಕತ್ತಿನ ಕಡೆಗೆ ಹರಡಬಲ್ಲದು. 1836ರಲ್ಲಿ ಜರ್ಮನಿಯ ವೈದ್ಯ ವಿಲ್‌ಹೆಲ್ಮ್ ಫ್ರೆಡ್ರಿಕ್ ಫಾನ್ ಲುಡ್ವಿಗ್ ವರ್ಣಿಸಿದ, ಅವರ ಹೆಸರಿನಿಂದಲೇ ಕರೆಯುವ ಆ ಬಾವು ನಾಲಿಗೆಯನ್ನು ಮೇಲೆತ್ತಿ ಉಸಿರಿನ ದಾರಿಯನ್ನೇ ಮುಚ್ಚಬಹುದು. ಇದು ಅಪರೂಪ, ಆದರೂ ಗದ್ದದಡಿ ಗಟ್ಟಿಯಾದ ಊತ, ಎಂಜಲು ನುಂಗಲಾಗದಿರುವುದು, ಧ್ವನಿ ಬದಲಾಗುವುದು, ಉಸಿರಾಟದ ತೊಂದರೆ ಇವುಗಳಲ್ಲಿ ಯಾವುದು ಕಂಡರೂ ಮರುದಿನದ ಅಪಾಯಿಂಟ್‌ಮೆಂಟಿಗೆ ಕಾಯದೆ, ದಂತ ಚಿಕಿತ್ಸಾಲಯಕ್ಕಲ್ಲ, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಕೆಳತುಟಿ ಮತ್ತು ಗದ್ದಕ್ಕೆ ಸ್ಪರ್ಶಜ್ಞಾನ ನೀಡುವ ನರ ಕೆಳದವಡೆಯ ಮೂಳೆಯೊಳಗೇ ಒಂದು ಕಾಲುವೆಯಲ್ಲಿ, ಕೆಲವರಲ್ಲಿ ಬುದ್ಧಿಹಲ್ಲಿನ ಬೇರಿಗೆ ತಾಗಿಕೊಂಡೇ, ಸಾಗುತ್ತದೆ. ನಾಲಿಗೆಯ ನರ ಒಳಬದಿಯ ಒಸಡಿನ ಪಕ್ಕದಲ್ಲಿದೆ. ಶಸ್ತ್ರಕ್ರಿಯೆಯಲ್ಲಿ ಇವು ಒತ್ತಿದರೆ ತುಟಿಯೋ ನಾಲಿಗೆಯೋ ಮರುದಿನವೂ ಜೋಮು ಹಿಡಿದಂತೆಯೇ ಇರುತ್ತದೆ. ಹೆಚ್ಚಿನವರಲ್ಲಿ ವಾರಗಳು ಅಥವಾ ತಿಂಗಳುಗಳಲ್ಲಿ ಇದು ಸರಿಹೋಗುತ್ತದೆ, ಶಾಶ್ವತವಾಗಿ ಉಳಿಯುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನರಲ್ಲಿ. ಜೋಮು ಇರುವ ಜಾಗವನ್ನು ಮೊದಲ ವಾರದಲ್ಲೇ ವೈದ್ಯರಿಂದ ದಾಖಲಿಸಿಕೊಂಡರೆ ಅದು ಕುಗ್ಗುತ್ತಿದೆಯೇ ಎಂದು ಮುಂದೆ ಹೋಲಿಸಿ ನೋಡಲು ಸಾಧ್ಯ. ಮೇಲ್ದವಡೆಯ ಹಲ್ಲು ತೆಗೆಸಿದವರಿಗೆ ಈ ಚಿಂತೆಯಿಲ್ಲದಿದ್ದರೂ ಆ ಬೇರುಗಳ ಮೇಲೆಯೇ ಕೆನ್ನೆಯ ಗಾಳಿಗೂಡು ಇರುವುದರಿಂದ, ಕುಡಿದ ನೀರು ಮೂಗಿನಲ್ಲಿ ಬಂದರೆ ಕೂಡಲೇ ತಿಳಿಸಬೇಕು. ಗಾಯ ಮಾಯುವವರೆಗೆ ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದು ಸೀನಬೇಕು.

ಕಪ್ಪು ರೇಷ್ಮೆ ದಾರದ ಹೊಲಿಗೆಯನ್ನು ಏಳನೆಯ ದಿನದ ಸುಮಾರಿಗೆ ಬಿಚ್ಚುತ್ತಾರೆ, ಕರಗುವ ದಾರವಾದರೆ ಆ ಕೆಲಸವಿಲ್ಲ. ನೋವು ಮರೆತುಹೋದ ಮೇಲೂ ಕುಳಿ ಮಾತ್ರ ತಿಂಗಳೊಂದರ ಕಾಲ ಆಹಾರ ಸಿಕ್ಕಿಸಿಕೊಳ್ಳುತ್ತಲೇ ಇರುತ್ತದೆ. ಒಂದು ವಾರದ ನಂತರ ಸೂಜಿಯಿಲ್ಲದ ಸಿರಿಂಜಿನಲ್ಲಿ ಉಗುರುಬೆಚ್ಚಗಿನ ಉಪ್ಪುನೀರು ತುಂಬಿ ಊಟದ ಬಳಿಕ ಮೆಲ್ಲಗೆ ಹಾಯಿಸಿದರೆ ಅದು ಶುಚಿಯಾಗಿರುತ್ತದೆ. ಈ ಹಂತಕ್ಕೆ ಬಂದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಉಳಿದ ಬುದ್ಧಿಹಲ್ಲುಗಳನ್ನೂ ತೆಗೆಸಿಬಿಡಬೇಕೇ ಎಂಬುದು. ಬ್ರಿಟನ್ನಿನ ಆರೋಗ್ಯ ಸೇವೆಗೆ ಮಾರ್ಗದರ್ಶನ ನೀಡುವ ನೈಸ್ ಸಂಸ್ಥೆ 2000ದ ಮಾರ್ಚ್‌ನಲ್ಲಿ ಹೊರಡಿಸಿದ ತನ್ನ ಮೊತ್ತಮೊದಲ ತಂತ್ರಜ್ಞಾನ ಮೌಲ್ಯಮಾಪನದಲ್ಲೇ, ಯಾವ ರೋಗಲಕ್ಷಣವೂ ಇಲ್ಲದ ಬುದ್ಧಿಹಲ್ಲನ್ನು ಮುಂಜಾಗ್ರತೆಗೆಂದು ತೆಗೆಯುವ ರೂಢಿಯನ್ನು ನಿಲ್ಲಿಸುವಂತೆ ಹೇಳಿತು. ಅಮೆರಿಕದ ಶಸ್ತ್ರವೈದ್ಯರಲ್ಲಿ ಅನೇಕರು ಎಳೆಯ ವಯಸ್ಸಿನಲ್ಲೇ ತೆಗೆಯುವುದು ಮೇಲೆಂದು ಈಗಲೂ ವಾದಿಸುತ್ತಾರೆ. ಬಾವು, ಹುಳುಕು, ಪಕ್ಕದ ಹಲ್ಲಿನ ಸವೆತ, ಸುತ್ತ ದ್ರವ ತುಂಬಿದ ಗಂಟು ಇವುಗಳಲ್ಲಿ ಒಂದಾದರೂ ಇದ್ದರೆ ತೆಗೆಸುವುದಕ್ಕೆ ಕಾರಣವಿದೆ. ಕೆಳಗಿನ ಹಲ್ಲು ಹೋದ ಬಳಿಕ ಎದುರಾಳಿಯಿಲ್ಲದೆ ಕೆಳಗಿಳಿದು ಒಸಡನ್ನೋ ಕೆನ್ನೆಯನ್ನೋ ಚುಚ್ಚುವ ಮೇಲಿನ ಹಲ್ಲಿನ ವಿಷಯದಲ್ಲೂ ಹಾಗೆಯೇ. ಇವೊಂದೂ ಇಲ್ಲದ ಹಲ್ಲನ್ನು ಇದ್ದ ಹಾಗೆ ಬಿಟ್ಟು, ದಂತವೈದ್ಯರು ಸೂಚಿಸಿದ ಅಂತರದಲ್ಲಿ ಒಂದು ಎಕ್ಸ್-ರೇ ತೆಗೆಸಿ ನೋಡಿಕೊಳ್ಳುತ್ತಿದ್ದರೆ ಸಾಕಾಗುತ್ತದೆ.